ಹಸೆ ಕಂಬಳಿ ಹಾರಿಬಂದದ್ದು

ಲಂಡನ್, ೨೪ ಜನವರಿ ೧೯೩೯, ಮಂಗಳವಾರ

ಇಂದು ಒಂದೇ ಟಪಾಲಿನಲ್ಲಿ ಎರಡು ಕಾಗದ. ಕಂಪನಿಯದು ವಿನಂತಿ, ಅಜ್ಜಿಯದು ಅಪ್ಪಣೆ.

ಕಂಪನಿಯ ಸಂಗತಿ ಮೊದಲು. ಕರಾಚಿಗೆ ಒಂದು ವೈರ್‌ಲೆಸ್ ಯಂತ್ರ ತುರ್ತಾಗಿ ತಲುಪಬೇಕು. ಅದರೊಳಗಿನ ಗಾಜಿನ ಬುರುಡೆಗಳು ಕುಲುಕಿದರೆ ಒಡೆಯುತ್ತವೆ. ಆದ್ದರಿಂದ ಯಾರಾದರೂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ವಿಮಾನದಲ್ಲಿ ಹೋಗಬೇಕು. ಆ ತೊಡೆ ನನ್ನದೇ ಆಗಲಿ ಎಂದು ಮ್ಯಾನೇಜರ್ ತೀರ್ಮಾನಿಸಿದ್ದಾರೆ. ಮುಟ್ಟಿಸಿದ ಮೇಲೆ ಆರು ವಾರ ರಜೆ. ಚಿಕ್ಕಬೀರಯ್ಯ ಎಂಬ ನನ್ನ ಹೆಸರು ಇಲ್ಲಿ ಯಾರ ನಾಲಿಗೆಗೂ ಹೊರಳದ ಕಾರಣ ಟಿಕೆಟ್ಟನ್ನು 'ಮಿಸ್ಟರ್ ಚಿಕ್' ಹೆಸರಿನಲ್ಲಿ ತೆಗೆಸಿದ್ದಾರೆ.

ಇನ್ನು ಅಜ್ಜಿ. ಜಾವಗಲ್ಲಿನಲ್ಲಿ ಕೂತು ಹನುಮಕ್ಕಜ್ಜಿ ಬಾಯಲ್ಲಿ ಹೇಳುತ್ತಾಳೆ, ನಂಜುಂಡಯ್ಯ ಮೇಷ್ಟ್ರು ಒಂದಕ್ಷರ ಬಿಡದೆ ಬರೆಯುತ್ತಾರೆ. ಬೈಗುಳವನ್ನಾದರೂ ಬಿಡಬಾರದೇ? ಅದೂ ಇಲ್ಲ.

"ಲೇ ಬೀರ, ಮೂರು ವರ್ಸದ ಹಿಂದೆ ಊರು ಬಿಡೋವಾಗ ಅಟ್ಟದಿಂದ ಯಾವ ಕಂಬ್ಳಿ ತಕ್ಕಂಡು ಹೋದ್ಯೋ ಪೆದ್ದು ಮುಂಡೇದೆ? ನಿಂಗೆ ಅಂತ ನೇಯಿಸಿದ್ದ ಹೊಸದು ಪೆಟ್ಟಿಗೇಲೇ ಐತೆ. ನೀನು ಹೊತ್ಕಂಡು ಹೋಗಿರೋದು ನಮ್ಮನೆ ಹಸೆ ಕಂಬ್ಳಿ ಕಣ್ಲಾ. ನಿನ್ ತಂಗಿ ಅಂಕಮ್ಮನ ಮದ್ವೆ ಫೆಬ್ರವರಿ ಒಂಬತ್ತಕ್ಕೆ. ಹಗರೆ ಗಂಡಿನ ಕಡೆಯೋರು ಈ ಮಾಘದಲ್ಲಿ ಆಗ್ಲಿಲ್ಲ ಅಂದ್ರೆ ಬ್ಯಾರೆ ಕಡೆ ಹೆಣ್ಣು ನೋಡ್ತೀವಿ ಅಂತವ್ರೆ. ಕಂಬ್ಳಿ ಬರ್ದೆ ನಾನು ಹಸೆ ಹಾಕ್ಸಾಕಿಲ್ಲ."

ನಮ್ಮ ಮನೆಯಲ್ಲಿ ಹೆಣ್ಣುಗಂಡು ಕೂರುವುದು ಆ ಒಂದು ಕಂಬಳಿಯ ಮೇಲೆ. ಅಜ್ಜಿ ಕೂತಿದ್ದಳು, ಅವ್ವ ಕೂತಿದ್ದಳು. ಅದರ ಮೇಲೆ ಆಗದ ಮದುವೆಯನ್ನು ಅಜ್ಜಿ ಮದುವೆ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೂರು ವರ್ಷದಿಂದ ಮನೆಯಲ್ಲಿ ಮದುವೆಯಿಲ್ಲದ್ದರಿಂದ ಯಾರೂ ಪೆಟ್ಟಿಗೆ ತೆಗೆದಿರಲಿಲ್ಲ. ಕತ್ತಲೆಯ ಅಟ್ಟದಲ್ಲಿ ಎರಡು ಕರಿ ಕಂಬಳಿಗಳಲ್ಲಿ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಬಂದವನು ನಾನೇ. ಒಪ್ಪಿಕೊಳ್ಳುತ್ತೇನೆ.

ಅಜ್ಜಿಯ ನೇಮಗಳು ಮೂರು. ಅದರ ಮೇಲೆ ಮೆಟ್ಟಿನ ಕಾಲಿಡಬಾರದು. ಸೋಪು ಸೋಕಿಸಬಾರದು. "ಹರಿದ್ರೆ ಸೂಜಿ ಹಾಕಬೇಕಾದೋಳು ನಮ್ಮನೆ ಹೆಣ್ಮಗಳು, ಇಲ್ಲಾ ಸೊಸೆ. ಬ್ಯಾರೆಯೋರ ಸೂಜಿ ಬಿದ್ರೆ ಅದು ಹಸೆಗೆ ಬರಾಕಿಲ್ಲ."

ಕೊನೆಯಲ್ಲಿ ಅಂಕಮ್ಮನ ಕೈಬರಹದಲ್ಲಿ ಒಂದು ಸಾಲು: "ಅಣ್ಣಾ, ನಂಗೆ ಅವರೇ ಆಗಬೇಕು. ಹೆಂಗಾದ್ರೂ ಮಾಡಿ ಬಾ." ಮೇಷ್ಟ್ರಿಗೆ ಕಾಣದಂತೆ ಬರೆದಿರಬೇಕು. ಈ ಸಾಲನ್ನು ಓದಿದ ಮೇಲೆ ಅಜ್ಜಿಯ ಬೈಗುಳಕ್ಕೆ ನಗುವುದು ಸ್ವಲ್ಪ ಕಷ್ಟವಾಯಿತು.

ಕಂಬಳಿ ಎಲ್ಲಿದೆ ಎಂದರೆ, ಗ್ರಾಮಫೋನಿನ ಅಡಿಯಲ್ಲಿ ಮಡಿಸಿಟ್ಟಿದ್ದೇನೆ. ಅದರ ಕುರಿ ವಾಸನೆಗೆ ಮನೆಯೊಡತಿ ನಾನು ಕದ್ದು ನಾಯಿ ಸಾಕಿದ್ದೇನೆಂದು ಎರಡು ಸಲ ಮಂಚದ ಕೆಳಗೆ ಬಗ್ಗಿ ನೋಡಿದ್ದಾಳೆ.

ಸೌತಾಂಪ್ಟನ್, ೨೭ ಜನವರಿ

ಅರಸೀಕೆರೆ ಸಂತೆಯಲ್ಲಿ ಕೊಬ್ಬರಿ ಮೂಟೆ ತೂಗುವಂತೆ ನಮ್ಮನ್ನು ಸಾಮಾನಿನ ಸಮೇತ ತೂಗಿದರು. ಆಳಿಗೂ ಗಂಟಿಗೂ ಸೇರಿ ಇಷ್ಟೇ ಎಂದು ಮಿತಿ. ನಾನು ಏಳು ಪೌಂಡು ಹೆಚ್ಚಾದೆ. ಕಂಬಳಿಯೊಂದೇ ಏಳೂವರೆ ಪೌಂಡು! ಗುಮಾಸ್ತ ಅದನ್ನು ಎರಡು ಬೆರಳಲ್ಲಿ ಎತ್ತಿ, "ಈ ರಗ್ಗನ್ನು ಬಿಡಬಹುದಲ್ಲ?" ಎಂದ. ಬಿಡಬಹುದಿತ್ತು. ಅಂಕಮ್ಮನ ಆ ಒಂದು ಸಾಲು ಇಲ್ಲದಿದ್ದರೆ ಬಿಟ್ಟೂ ಬಿಡುತ್ತಿದ್ದೆ. ಮೂರು ವರ್ಷ ಕೂಡಿಹಾಕಿದ ಗ್ರಾಮಫೋನ್ ಪ್ಲೇಟುಗಳನ್ನು ತೆಗೆದು ಹೋಟೆಲಿನವನಿಗೆ ಒಪ್ಪಿಸಿದೆ. ಪ್ರಯಾಣ ಶುರುವಾಗುವ ಮೊದಲೇ ಕಂಬಳಿಯ ಮೇಲೆ ಸಿಟ್ಟು ಬಂದಿದೆ.

ತಕ್ಕಡಿಯ ಹಿಂದೆ ಸೀರೆ, ಅದರ ಮೇಲೆ ಓವರ್‌ಕೋಟು, ಕುತ್ತಿಗೆಗೆ ಕೆಂಪು ಮಫ್ಲರು ಸುತ್ತಿಕೊಂಡ ಒಬ್ಬ ನರ್ಸಮ್ಮ ನಿಂತಿದ್ದಳು. ಮಿಸೆಸ್ ವಿಲ್ಕಾಕ್ಸ್ ಎಂಬ ವಯಸ್ಸಾದ ಹೆಂಗಸನ್ನು ಕರಾಚಿಯಲ್ಲಿರುವ ಮಗನ ಮನೆಗೆ ಸೇರಿಸುವುದು ಅವಳ ಕೆಲಸವಂತೆ. ಅವಳು ಮೂಗರಳಿಸಿ, "ಇದು ನಮ್ಮ ಕಡೀ ಕಂಬಳಿ ವಾಸನಿ ಅಲ್ಲೇನ್ರೀ?" ಎಂದಳು. ವರ್ಷದ ಮೇಲೆ ಕಿವಿಗೆ ಬಿದ್ದ ಮೊದಲ ಕನ್ನಡ. ಎಲ್ಲರೂ ನೋಡುತ್ತಿದ್ದರು. ನಾನು ಇಂಗ್ಲಿಷಿನಲ್ಲಿ, ಇದೊಂದು ಬಗೆಯ ಪ್ರಯಾಣದ ರಗ್ಗು ಎಂದು ಗಂಭೀರವಾಗಿ ಹೇಳಿದೆ. ಅವಳು ಮಫ್ಲರಿನೊಳಗೆ ನಕ್ಕಳು. ಬಹಳ ಅಧಿಕಪ್ರಸಂಗಿ.

೨೮ ಜನವರಿ

ಮಂಜು. ವಿಮಾನ ಏಳಲಿಲ್ಲ. ಕಾಲ್ಬೆರಳುಗಳು ನನ್ನವೋ ಅಲ್ಲವೋ ತಿಳಿಯುತ್ತಿಲ್ಲ.

ಮಾರ್ಸೇಲ್ಸ್, ೨೯ ಜನವರಿ, ಭಾನುವಾರ

ಎದ್ದೆವು! ದೋಣಿಗೆ ರೆಕ್ಕೆ ಕಟ್ಟಿದಂಥ ವಿಮಾನ ಇದು. ನೀರಿನಿಂದ ಏಳುತ್ತದೆ, ನೀರಿಗೇ ಇಳಿಯುತ್ತದೆ. ಕಿಟಕಿಗೆ ನೊರೆ ಬಡಿದಾಗ ನಾನು ವೈರ್‌ಲೆಸ್ ಪೆಟ್ಟಿಗೆಯನ್ನು ಅಪ್ಪಿಕೊಂಡು ಮನೆದೇವರನ್ನು ನೆನೆದೆ. ವಿಜ್ಞಾನ ಓದಿದವನು ನೆನೆಯಬಾರದೆಂದೇನೂ ಇಲ್ಲ.

ಫ್ರಾನ್ಸಿನ ಮೇಲೆ ಒಳಗೆಲ್ಲ ಮರಗಟ್ಟುವ ಚಳಿ. ಮಿಸೆಸ್ ವಿಲ್ಕಾಕ್ಸರ ತುಟಿ ನೀಲಿಯಾಯಿತು. ನರ್ಸಮ್ಮ ನನ್ನ ಹತ್ತಿರ ಬಂದು, "ನಿಮ್ಮ ಆ ರಗ್ಗು ಸ್ವಲ್ಪ ಕೊಡ್ರಿ" ಎಂದಳು. ರಗ್ಗು ಎಂಬ ಮಾತನ್ನು ಬೇಕೆಂದೇ ಒತ್ತಿ ಹೇಳಿದಳು. ಅಜ್ಜಿ ನೆನಪಾದಳು. ಆದರೆ ಮುದುಕಿಯೊಬ್ಬಳು ನಡುಗುವುದನ್ನು ನೋಡಿಕೊಂಡು ಕೂರುವುದು ಹೇಗೆ? ಕೊಟ್ಟೆ. ಮಿಸೆಸ್ ವಿಲ್ಕಾಕ್ಸ್ ಗದ್ದದವರೆಗೂ ಎಳೆದುಕೊಂಡು, ಮೂಸಿ ನೋಡಿ, "ನಮ್ಮ ಯಜಮಾನರ ಕುದುರೆಯ ವಾಸನೆ" ಎಂದು ಹೇಳಿ ನಿದ್ದೆ ಹೋದರು.

ಮಾರ್ಸೇಲ್ಸ್, ೩೦ ಜನವರಿ

ಸಮುದ್ರದಲ್ಲಿ ಗಾಳಿ. ಮದುವೆಗೆ ಇನ್ನು ಹತ್ತು ದಿನ. ಸಾಕಷ್ಟಿದೆ ಎಂದು ಮೂರು ಸಲ ಎಣಿಸಿದೆ.

ಹೋಟೆಲಿನ ಬೆಂಕಿಯ ಮುಂದೆ ಕೂತಾಗ ಶಾಂತಾದೇವಿ (ನರ್ಸಮ್ಮನ ಹೆಸರು) ಕಂಬಳಿಯ ಕತೆ ಕೇಳಿದರು. ಅವರ ಊರು ಧಾರವಾಡದ ಹತ್ತಿರ. ಅವರ ಅಜ್ಜನೂ ಕುರಿ ಸಾಕಿ ಕಂಬಳಿ ನೇಯುತ್ತಿದ್ದವರಂತೆ. ಹಾಗಾಗಿ ಮೂಗು ಅಷ್ಟು ಚುರುಕು. ಬೇರೇನೂ ಕೆಲಸವಿಲ್ಲದೆ ಅಜ್ಜಿಯ ಕಾಗದವನ್ನೇ ಓದಿ ಹೇಳಿದೆ. 'ಪೆದ್ದು ಮುಂಡೇದೆ' ಬಂದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೂರು ನೇಮಗಳನ್ನು ಎರಡನೆಯ ಸಲ ಓದಿಸಿ ಬೆರಳು ಮಡಿಸಿ ಎಣಿಸಿದರು.

"ನಿಮ್ಮಜ್ಜಿ ಭಾಳ ಶ್ಯಾಣ್ಯಾ ಇದ್ದಾರ್ರೀ. ನೀವು ಅವರ ಮ್ಯಾಲೆ ಹೋಗಿಲ್ಲ ಅನಸ್ತದ" ಎಂದರು. ನಾನು ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡೆ.

೩೧ ಜನವರಿ

ಇವತ್ತೂ ಗಾಳಿ. ಇಸ್ಪೀಟಿನಲ್ಲಿ ಶಾಂತಾದೇವಿಯವರು ಮೋಸ ಮಾಡುತ್ತಾರೆ. ಒಂಬತ್ತು ದಿನ.

ಅಥೆನ್ಸ್, ೧ ಫೆಬ್ರವರಿ

ರೋಮಿನ ಹತ್ತಿರ ಒಂದು ಕೆರೆಗೆ ಇಳಿದೆವು, ಆಮೇಲೆ ಬ್ರಿಂಡಿಸಿ, ಆಮೇಲೆ ಇಲ್ಲಿ. ಮಿಸೆಸ್ ವಿಲ್ಕಾಕ್ಸ್ ಈಗ ಕಂಬಳಿಯನ್ನು ಹೆಗಲಿನಿಂದ ಇಳಿಸುವುದೇ ಇಲ್ಲ. ಬ್ರಿಂಡಿಸಿಯ ಸುಂಕದವನು ಅದನ್ನು ಕೊಡವಿ ಬೆಳಕಿಗೆ ಹಿಡಿದು ಪರೀಕ್ಷಿಸಿದ. ಜಾವಗಲ್ಲಿನ ಯಾವುದೋ ಬೀಳಿನ ಒಂದು ಮುಳ್ಳುಕಾಯಿ ಅವನ ಮೇಜಿನ ಮೇಲೆ ಬಿತ್ತು. ಅದನ್ನು ಅನುಮಾನದಿಂದ ಲಕೋಟೆಗೆ ಹಾಕಿಕೊಂಡ. ಕಂಬಳಿಯನ್ನು ನೆಲಕ್ಕೆ ಎಸೆಯಹೋದಾಗ ನಾನು ಕೂಗಿಬಿಟ್ಟೆ. ಅಷ್ಟು ಕೂಗಬೇಕಿರಲಿಲ್ಲ. ಶಾಂತಾದೇವಿ ಮೆಲ್ಲಗೆ, "ರಗ್ಗಿಗೆ ಇಷ್ಟು ಸಿಟ್ಟೇನ್ರೀ?" ಎಂದು ಕೇಳಿದರು.

ಅಲೆಕ್ಸಾಂಡ್ರಿಯಾ, ೨ ಫೆಬ್ರವರಿ

ಮೊದಲ ಬಿಸಿಲು. ಶಾಂತಾದೇವಿ ಇಂದು ಮಿಸೆಸ್ ವಿಲ್ಕಾಕ್ಸರ ಜೊತೆ ಹಿಂದಿನ ಕೋಣೆಯಲ್ಲಿ ಕೂತಿದ್ದರು. ದಾರಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಬರೀ ಸಮುದ್ರ.

ಬಸ್ರಾ, ೩ ಫೆಬ್ರವರಿ

ಕಂಬಳಿ ಹರಿಯಿತು.

ವಿಮಾನದಿಂದ ದಡಕ್ಕೆ ಕರೆದೊಯ್ಯುವ ದೋಣಿಗೆ ಮಿಸೆಸ್ ವಿಲ್ಕಾಕ್ಸ್ ಕಾಲಿಡುವಾಗ ಕಂಬಳಿಯ ಅಂಚು ಒಂದು ಮೊಳೆಗೆ ಸಿಕ್ಕಿತು. ಅವರು ಮುಂದೆ ಹೋದರು, ಕಂಬಳಿ ಹಿಂದೆ ಉಳಿಯಿತು. ಸರಿಯಾಗಿ ಒಂದು ಗೇಣು. ನಾನು ಎಲ್ಲರ ಎದುರಿಗೆ ಆ ಮುದುಕಿಯನ್ನು ಗದರಿಸಿದೆ, ಅದೂ ಜಾವಗಲ್ಲಿನ ಭಾಷೆಯಲ್ಲಿ. ಅವರಿಗೆ ಮಾತು ತಿಳಿಯದಿದ್ದರೂ ಧ್ವನಿ ತಿಳಿಯಿತು. ಅತ್ತರು. ಈಗ ನನಗೆ ನಾಚಿಕೆಯಾಗುತ್ತಿದೆ. ಆದರೆ ಅಂಕಮ್ಮ ಹಸೆಯಿಲ್ಲದೆ ನಿಂತಿರುವುದೂ ಕಣ್ಣ ಮುಂದೆ ಬರುತ್ತಿದೆ.

ಬಸ್ರಾ, ೪ ಫೆಬ್ರವರಿ

ಧೂಳು ಎದ್ದು ಆಕಾಶವೇ ಕಾಣದು. ವಿಮಾನ ಇಲ್ಲ. ಇನ್ನು ಐದೇ ದಿನ.

ಬೆಳಿಗ್ಗೆ ಮಿಸೆಸ್ ವಿಲ್ಕಾಕ್ಸರಲ್ಲಿ ಕ್ಷಮೆ ಕೇಳಿದೆ. ಅವರು ನನ್ನ ಕೈ ತಟ್ಟಿ, ತಮ್ಮ ಯಜಮಾನರೂ ಹೀಗೇ ಗದರುತ್ತಿದ್ದರೆಂದು ಹೇಳಿದರು.

ವರಾಂಡಕ್ಕೆ ಬಂದರೆ ಶಾಂತಾದೇವಿ ಕಂಬಳಿಯನ್ನು ಮಡಿಲಲ್ಲಿ ಹಾಕಿಕೊಂಡು, ತಮ್ಮ ಕೆಂಪು ಮಫ್ಲರಿನ ತುದಿ ಬಿಚ್ಚಿ ಉಣ್ಣೆ ಎಳೆಯುತ್ತಿದ್ದರು. ದಬ್ಬಣದಂಥ ಸೂಜಿಯೊಂದನ್ನು ಎಲ್ಲಿಂದಲೋ ಹುಡುಕಿದ್ದರು. ಹೋಟೆಲಿನ ಆಳಿನ ಹತ್ತಿರ ಕಪ್ಪು ಉಣ್ಣೆ ಇತ್ತು. ನಾನೇ ತಂದು ಕೊಟ್ಟೆ, ಕರಿ ಕಂಬಳಿಗೆ ಕರಿ ಎಳೆಯಾದರೆ ಕಾಣುವುದಿಲ್ಲ ಎಂದು.

"ಕಾಣದಂಗ ಯಾಕ ಹೊಲೀಬೇಕ್ರೀ? ನಾ ಏನ್ ಕಳವು ಮಾಡ್ಲಿಕತ್ತೇನಿ?" ಎಂದು ಕೆಂಪನ್ನೇ ಪೋಣಿಸಿದರು.

"ಹೊಲಿಗಿ ಹಾಕಲೋ ಬ್ಯಾಡೋ? ಒಮ್ಮೆ ವಿಚಾರ ಮಾಡಿ ಹೇಳ್ರಿ" ಎಂದು ಸೂಜಿಯನ್ನು ಮೇಲೆತ್ತಿ ಹಿಡಿದು ನನ್ನ ಮುಖವನ್ನೇ ನೋಡಿದರು. ಹರಿದದ್ದನ್ನು ಹೊಲಿಯಲು ವಿಚಾರ ಮಾಡುವುದೇನು? ಹಾಕಿ ಎಂದೆ. ಮಧ್ಯಾಹ್ನವೆಲ್ಲ ಹೊಲಿದರು. ಸಣ್ಣ ಸಣ್ಣ ಹೊಲಿಗೆ, ರಾಗಿ ಪೈರಿನ ಸಾಲಿನ ಹಾಗೆ. ಧೂಳಿನ ಗಾಳಿಯಲ್ಲಿ ಅಲ್ಲೇ ಪಕ್ಕದಲ್ಲಿ ಕೂತಿದ್ದೆ. ಉಣ್ಣೆಯ ಉಂಡೆ ಹಿಡಿಯಲು ಯಾರಾದರೂ ಬೇಕಿತ್ತು.

ಕರಾಚಿ, ೫ ಫೆಬ್ರವರಿ

ಬಹರೈನ್, ದುಬೈ ದಾಟಿ ಸಂಜೆಗೆ ಕರಾಚಿ. ಪೆಟ್ಟಿಗೆ ಒಪ್ಪಿಸಿದೆ, ಒಂದು ಬುರುಡೆಯೂ ಒಡೆದಿಲ್ಲ. ತೊಡೆಗಳಿಗೆ ಬಿಡುಗಡೆ.

ಮಿಸೆಸ್ ವಿಲ್ಕಾಕ್ಸರ ಮಗ ಕಾರು ತಂದಿದ್ದ. ಆದರೆ ಅವರು ಕಂಬಳಿ ಬಿಡಲೊಲ್ಲರು, ಬೆಲೆ ಹೇಳು ಎಂದರು. ಇದರ ಮೇಲೆ ಒಬ್ಬ ಹುಡುಗಿ ಮದುವೆಗೆ ಕೂರಬೇಕಾಗಿದೆ ಎಂದು ಶಾಂತಾದೇವಿ ತಿಳಿಸಿ ಹೇಳಿದರು. ಮುದುಕಿ ಕಣ್ಣರಳಿಸಿ ನಮ್ಮಿಬ್ಬರನ್ನೂ ನೋಡಿ, "ಯಾವ ಹುಡುಗಿ?" ಎಂದರು. "ಅವರ ತಂಗಿ" ಎಂದರು ಶಾಂತಾದೇವಿ. "ಓ, ತಂಗಿಯೇ?" ಎಂದು ಮಿಸೆಸ್ ವಿಲ್ಕಾಕ್ಸ್ ನಿಟ್ಟುಸಿರಿಟ್ಟು ಕಂಬಳಿ ಬಿಟ್ಟುಕೊಟ್ಟರು. ಅವರಿಗೆ ಯಾಕೆ ಅಷ್ಟು ಬೇಸರವಾಯಿತೋ ತಿಳಿಯದು.

ಮಲಗುವ ಹೊತ್ತಿಗೆ ಅಜ್ಜಿಯ ಮೂರನೆಯ ನೇಮ ನೆನಪಾಗಿ ಎದ್ದು ಕೂತೆ! ಬೇರೆಯವರ ಸೂಜಿ! ನನಗೆ ಹೇಗೆ ಮರೆತುಹೋಯಿತು? ಶಾಂತಾದೇವಿಗೂ ಮರೆತಿರಬೇಕು, ಪಾಪ. ಅವರಿಗೆ ಹೇಳಿ ನೋಯಿಸುವುದು ಬೇಡ. ಅಜ್ಜಿಗೆ ಕಣ್ಣು ಮಂಜು, ಕಾಣಲಿಕ್ಕಿಲ್ಲ.

ಬೊಂಬಾಯಿ, ೬ ಫೆಬ್ರವರಿ

ಹಡಗಾಗಲಿ ರೈಲಾಗಲಿ ಹಿಡಿದಿದ್ದರೆ ಮದುವೆ ತಪ್ಪುತ್ತಿತ್ತು. ಟಪಾಲು ಚೀಲಗಳ ಸಣ್ಣ ವಿಮಾನದಲ್ಲಿ ನನಗೂ, ಕೆಲಸ ಮುಗಿಸಿ ಊರಿಗೆ ಹೊರಟಿದ್ದ ಶಾಂತಾದೇವಿಗೂ ಜಾಗ ಸಿಕ್ಕಿತು. ಮತ್ತೆ ತಕ್ಕಡಿ. ಸೂಟುಗಳ ಟ್ರಂಕನ್ನು ಬಿಟ್ಟುಬಂದೆ, ಹಡಗಿನಲ್ಲಿ ಬರಲಿ. ಯಾವುದನ್ನು ಬಿಡುತ್ತೀರಿ ಎಂದು ತೂಗುವವನು ಕೇಳಿದ್ದೇ ವಿಚಿತ್ರ. ನಮ್ಮ ಕಂಬಳಿ ಬಿಡಲಾಗುತ್ತದೆಯೇ?

ಮೇಲೆ ಗಾಳಿ ಚುಚ್ಚುತ್ತಿತ್ತು. ಕಂಬಳಿಯ ಒಂದು ತುದಿ ಶಾಂತಾದೇವಿಗೆ ಕೊಟ್ಟೆ, ಇದು ಸಾಮಾನ್ಯ ಸೌಜನ್ಯ. ಇಂಜಿನ್ನಿನ ಗದ್ದಲದಲ್ಲಿ ಮಾತೇ ಕೇಳುತ್ತಿರಲಿಲ್ಲ. ಆದರೂ ಬೊಂಬಾಯಿ ಬೇಗ ಬಂದುಬಿಟ್ಟಿತು. ಈ ವಿಮಾನಗಳ ವೇಗ ಅತಿಯಾಯಿತು. ಸಂಜೆಯೇ ಪುಣೆಯ ರೈಲು ಹಿಡಿದೆವು.

ರೈಲಿನಲ್ಲಿ, ೭ ಫೆಬ್ರವರಿ

ಧಾರವಾಡ ಬಂತು, ಶಾಂತಾ ಇಳಿದರು.

ಅವರ ಅಣ್ಣ ಬಂದಿದ್ದ ಕರೆದುಕೊಂಡು ಹೋಗಲು. ಶಾಂತಾ ಕಿಟಕಿಯ ಹತ್ತಿರ ನಿಂತು ಅರ್ಧ ಬಿಚ್ಚಿದ ಮಫ್ಲರು ಸುತ್ತಿಕೊಂಡು, "ಹೊಲಿಗಿ ನೋಡಿ ನಿಮ್ಮಜ್ಜಿ ಏನಂದ್ರು ಅಂತ ಪತ್ರಾ ಬರೀರಿ. ಮರೀಬ್ಯಾಡ್ರಿ ಮತ್ತ" ಎಂದರು. ಚೆನ್ನಾಗಿ ಹೊಲಿದಿದ್ದೀರಿ, ಅಜ್ಜಿ ಏನೂ ಅನ್ನುವುದಿಲ್ಲ ಎಂದೆ. "ಏನೂ ಅನ್ನಲಿಲ್ಲಂದ್ರ ಕೆಟ್ಟ ಆತಲ್ರೀ" ಎಂದು ನಕ್ಕರು. ಕಣ್ಣು ನಗಲಿಲ್ಲ. ಏನೋ ಕೇಳಬೇಕು ಎನ್ನಿಸಿ ಬಾಯಿ ತೆರೆದೆ, ರೈಲು ಹೊರಟಿತು.

ಹುಬ್ಬಳ್ಳಿ ಬಂತು. ಹಾವೇರಿ ಬಂತು. ರಾಣೆಬೆನ್ನೂರು, ಹರಿಹರ. ಎಲ್ಲ ಒಂದೇ ಥರದ ಸ್ಟೇಷನ್ನುಗಳು.

ಜಾವಗಲ್, ೮ ಫೆಬ್ರವರಿ, ಬುಧವಾರ

ಬೆಳಗಿನ ಜಾವ ಅರಸೀಕೆರೆಯಲ್ಲಿ ಇಳಿದು, ಹಳೇಬೀಡಿನ ಮೋಟಾರು ಹಿಡಿದು ಊರು ಸೇರಿದೆ. ಕಂಬಳಿಯನ್ನು ತಲೆಯ ಮೇಲೆ ಹೊತ್ತೇ ನಡೆದೆ. ಚಪ್ಪರ ಹಾಕಿತ್ತು. ಹಗರೆಯ ಬೀಗರು ಜಗಲಿಯಲ್ಲಿ ಕೂತಿದ್ದರು. ಅಂಕಮ್ಮ ಬಾಗಿಲ ಹಿಂದಿನಿಂದ ಇಣುಕಿ ನನ್ನನ್ನಲ್ಲ, ಕಂಬಳಿಯನ್ನು ನೋಡಿ ಅತ್ತಳು.

ಅಜ್ಜಿ ನಡುಮನೆಯಲ್ಲಿ ಅದನ್ನು ಹರವಿಸಿ ಮಂಡಿಯೂರಿ ಕೂತಳು. ಮೊದಲು ಮೂಸಿದಳು. "ಸೋಪು ಹಾಕಿಲ್ಲ, ಸದ್ಯ" ಎಂದಳು. ಆಮೇಲೆ ಅಂಚಿನ ಗುಂಟ ಕೈಯಾಡಿಸುತ್ತ ಬಂದಳು. ಕೈ ಕೆಂಪು ಹೊಲಿಗೆಯ ಮೇಲೆ ನಿಂತಿತು. ಕಣ್ಣು ಮಂಜಾದರೆ ಏನು, ಬೆರಳಿಗೆ ಮಂಜಿಲ್ಲವಲ್ಲ.

"ಇದಕ್ಕೆ ಸೂಜಿ ಹಾಕ್ದೋರು ಯಾರ್ಲಾ?"

ಜಗಲಿಯ ಬೀಗರೂ ಇತ್ತ ತಿರುಗಿದರು. ವಿಮಾನದವರು, ಹೋಟೆಲಿನವರು, ಎಂದು ಏನೇನೋ ತೊದಲಿದೆ. ಅಜ್ಜಿ ಕೇಳಿಸಿಕೊಳ್ಳಲೇ ಇಲ್ಲ. "ಬ್ಯಾರೆಯೋರ ಸೂಜಿ ಬಿದ್ದೈತೆ. ಇದು ಹಸೆಗೆ ಬರಾಕಿಲ್ಲ" ಎಂದು ಕಂಬಳಿಯನ್ನು ಅರ್ಧ ಮಡಿಸಿಯೇಬಿಟ್ಟಳು. ಒಳಗಿನಿಂದ ಅಂಕಮ್ಮ ಬಿಕ್ಕಿದ್ದು ಕೇಳಿಸಿತು. ಆಮೇಲೆ ನಿಜ ಹೇಳಿದೆ. ಧಾರವಾಡದ ಕಡೆಯವರು, ನರ್ಸು, ಹೆಸರು ಶಾಂತಾದೇವಿ, ಅವರ ಅಜ್ಜನೂ ಕಂಬಳಿ ನೇಯುತ್ತಿದ್ದವರು, ಎಲ್ಲವನ್ನೂ.

ಮಡಿಸುತ್ತಿದ್ದ ಕೈ ನಿಂತಿತು.

"ಮದ್ವೆ ಆಗೈತಾ?"

"ಇಲ್ಲ ಅಜ್ಜಿ."

"ಕರೀ ಉಣ್ಣೆ ಸಿಗ್ಲಿಲ್ವಾ ಆ ಊರಲ್ಲಿ?"

"ಸಿಕ್ತು. ನಾನೇ ತಂದ್ಕೊಟ್ಟೆ. ಕೆಂಪೇ ಇರಲಿ ಅಂದ್ರು."

ಅಜ್ಜಿ ನಿಧಾನವಾಗಿ ತಲೆಯೆತ್ತಿದಳು. "ನಮ್ಮನೆ ನೇಮ ಆ ಹುಡ್ಗಿಗೆ ಗೊತ್ತಿತ್ತಾ?"

"ನಿನ್ನ ಕಾಗದ ಓದಿ ಹೇಳಿದ್ದೆ. ಎರಡು ಸಲ."

ಅಜ್ಜಿಗೆ ನಗು ಬಂದು ಹೊಟ್ಟೆ ಹಿಡಿದುಕೊಂಡಳು. ಬೊಚ್ಚು ಬಾಯಿ ಪೂರಾ ಕಂಡಿತು. "ಗೊತ್ತಿದ್ದೂ ಹಾಕವ್ಳೆ! ಎಲ್ಲರ್ಗೂ ಕಾಣಂಗೆ ಹಾಕವ್ಳೆ! ಅಯ್ಯೋ ಬೀರ, ಸೀಮೆಗೆಲ್ಲ ಹಾರ್ಕಂಡು ಬಂದ್ಯಲ್ಲೋ, ಎದುರಿಗೆ ಕೂತಿರೋದು ಕಾಣ್ಲಿಲ್ವೇನೋ?"

ಬಸ್ರಾದ ವರಾಂಡ ನೆನಪಾಯಿತು. ಸೂಜಿಯನ್ನು ಮೇಲೆತ್ತಿ ಹಿಡಿದು ನನ್ನ ಮುಖ ನೋಡಿದ್ದು. ವಿಚಾರ ಮಾಡಿ ಹೇಳಿ ಎಂದದ್ದು. ಕಿವಿಯವರೆಗೂ ಬೆಂಕಿ ಹತ್ತಿದಂತಾಯಿತು.

ಅಜ್ಜಿ ನಗು ನಿಲ್ಲಿಸಿದಳು. ಬೀಗರಿಗೂ ಕೇಳುವಂತೆ, "ಈಗ ಹೇಳು. ಆ ಹುಡ್ಗಿ ನಮ್ಮನೆಯೋಳೋ, ಹೊರಗ್ನೋಳೋ? ನಿನ್ ತಂಗಿ ಹಸೆ ನಿನ್ ಬಾಯಲ್ಲೈತೆ" ಎಂದಳು.

ಅಂಕಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ನಮ್ಮನೆಯೋಳು ಅಜ್ಜಿ" ಎಂದೆ. ಅಂಕಮ್ಮನ ಮದುವೆ ನಡೆಯಲಿ ಎಂದು ಹೇಳಲು ಹೊರಟದ್ದು. ಹೇಳಿ ಮುಗಿಸುವಷ್ಟರಲ್ಲಿ ಅದೇ ನಿಜ ಎಂದು ಗೊತ್ತಾಯಿತು, ಮಾರ್ಸೇಲ್ಸಿನಿಂದಲೂ ನಿಜವಾಗಿತ್ತು.

ಅಜ್ಜಿ ಕಂಬಳಿಯನ್ನು ಮತ್ತೆ ಹರವಿದಳು.

೯ ಫೆಬ್ರವರಿ

ಅಂಕಮ್ಮನ ಮದುವೆಯಾಯಿತು. ಕೆಂಪು ಹೊಲಿಗೆ ಮುಂದಕ್ಕೆ ಬರುವಂತೆ ಅಜ್ಜಿಯೇ ಹಾಸಿದ್ದಳು. ಹುಡುಗ ಒಳ್ಳೆಯವನು. ಊಟಕ್ಕೆ ಕೂತವರೆಲ್ಲ ವಿಮಾನದ ಸಂಗತಿ ಬಿಟ್ಟು ಹೊಲಿಗೆಯ ಸಂಗತಿಯನ್ನೇ ಕೇಳಿದರು.

೧೦ ಫೆಬ್ರವರಿ

ಬೆಳಗಿನಿಂದ ಧಾರವಾಡಕ್ಕೆ ಕಾಗದ ಬರೆಯುತ್ತಿದ್ದೇನೆ. ಏಳು ಹಾಳೆ ಹರಿದು ಎಂಟನೆಯದರಲ್ಲಿ ನಿಂತದ್ದು: ಅಜ್ಜಿ ಹೊಲಿಗೆ ನೋಡಿದಳು. ನಿಮ್ಮನ್ನು ಕೇಳದೆ ಊರವರ ಮುಂದೆ ಒಂದು ಮಾತು ಹೇಳಿಬಿಟ್ಟಿದ್ದೇನೆ. ತಪ್ಪಾಗಿದ್ದರೆ ಬೈದು ಬರೆಯಿರಿ. ಇಷ್ಟು ಬರೆಯುವುದಕ್ಕೆ ಮಧ್ಯಾಹ್ನವಾಯಿತು.

ಅಜ್ಜಿ ಬಂದು ಪಕ್ಕದಲ್ಲಿ ಕೂತು, "ನಂದೊಂದು ಮಾತು ಸೇರ್ಸು" ಎಂದಳು. ಮೇಷ್ಟ್ರ ಹಾಗೆ ಒಂದಕ್ಷರ ಬಿಡದೆ ಬರೆದೆ: "ಮಗಾ, ಮಿಕ್ಕಿರೋ ಕೆಂಪು ಉಣ್ಣೆ ತಕ್ಕಂಡು ಬಾ. ಕಂಬ್ಳಿ ಇನ್ನೊಂದ್ ಕಡೆನೂ ಹರಿದೈತೆ."

ಟಪಾಲಿಗೆ ಹಾಕಿ ಬಂದು ಕಂಬಳಿಯನ್ನು ಬಿಸಿಲಿಗೆ ಹಿಡಿದು ನಾಲ್ಕೂ ಅಂಚು ಹುಡುಕಿದೆ. ಎಲ್ಲಿಯೂ ಹರಿದಿಲ್ಲ.